ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಕಥೆಯಾಟ) 2014ರ ರೂಲ್ಸ್‌ನಲ್ಲಿ ಆಡ್ತಿದ್ದೀವಿ. ನನ್ನ ವಿಜಾರ್ಡ್, ಅಂದರೆ ಮಂತ್ರವಾದಿ, 2ನೇ ಲೆವೆಲ್‌ಗೆ ಬರ್ತಿದ್ದಾನೆ, ಈಗ ಒಂದು ಸ್ಕೂಲ್ (ಮಂತ್ರವಿದ್ಯೆಯ ಶಾಖೆ) ಆರಿಸಬೇಕು. ಎವೊಕೇಶನ್ (ಹೊಡೆಯುವ ಸ್ಪೆಲ್, ಅಂದರೆ ಮಂತ್ರಗಳು), ಡಿವಿನೇಶನ್ (ಭವಿಷ್ಯ ತಿಳಿಯುವವು), ಅಬ್ಜುರೇಶನ್ (ರಕ್ಷಣೆಯವು): ಯಾವ ಸ್ಕೂಲ್ ಜಾಸ್ತಿ ಪವರ್‌ಫುಲ್?

ಎವೊಕೇಶನ್ ತಗೊಂಡರೆ ಬೇರೆ ಸ್ಕೂಲಿನ ಸ್ಪೆಲ್‌ಗಳು ವೇಸ್ಟ್ ಆಗುತ್ತವಾ ಅಂತಲೂ ಕೇಳಿದ್ದೀರಲ್ಲ, ಆ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇದೇ ಪ್ರಶ್ನೆಯನ್ನು ಒಂದು ಕಾಲದಲ್ಲಿ ನನಗೆ ನಾನೇ ಕೇಳಿಕೊಂಡಿದ್ದೆ. "ಹೌದು, ವೇಸ್ಟ್" ಅಂತ ಉತ್ತರವನ್ನೂ ನಾನೇ ಹೇಳಿಕೊಂಡೆ.

ಮೈಸೂರಿನಲ್ಲಿ ನಾವು ಐದು ಜನ, ಜೊತೆಗೆ ಡಿಎಂ (ಆಟದ ಕಥೆ ನಡೆಸುವವನು). ಭಾನುವಾರ ಊಟ ಮುಗಿಸಿ ಗೆಳೆಯನ ಮನೆ ಮಹಡಿಯಲ್ಲಿ ಸೇರುತ್ತಿದ್ದೆವು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಎಡಿಷನ್, ನಿಮ್ಮದೇ 2014ರ ರೂಲ್ಸ್. ನನಗೆ ಫೈರ್‌ಬಾಲ್ ಅನ್ನೋ ಬೆಂಕಿಯುಂಡೆಯ ಸ್ಪೆಲ್ ಅಂದರೆ ಪ್ರಾಣ. ಅದು ಸಿಗೋದು 5ನೇ ಲೆವೆಲ್‌ನಲ್ಲಿ. ನಾನು 1ನೇ ಲೆವೆಲ್‌ನಲ್ಲಿ ಇರುವಾಗಲೇ ಅದಕ್ಕಾಗಿ ಎಂಟು ಕೆಂಪು ದಾಳ ಕೊಂಡು ಒಂದು ಪುಟ್ಟ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡಿದ್ದೆ. ಎಂಟು ಯಾಕೆ ಅಂದರೆ ಫೈರ್‌ಬಾಲ್‌ನ ಡ್ಯಾಮೇಜ್ ಎಂಟು ಆರುಮುಖದ ದಾಳ.

ಹಾಗಾಗಿ ಎವೊಕೇಶನ್ ತಗೊಂಡೆ. ಆ ಆಯ್ಕೆ ತಪ್ಪಲ್ಲ. ಆ ಸ್ಕೂಲ್ ಕೊಡುವ ಸ್ಕಲ್ಪ್ಟ್ ಸ್ಪೆಲ್ಸ್ ಅನ್ನೋ ಶಕ್ತಿ ನಿಜಕ್ಕೂ ಅದ್ಭುತ: ಸ್ಪೆಲ್‌ನ ಲೆವೆಲ್‌ಗೆ ಒಂದು ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ಜನರಿಗೆ ನಿಮ್ಮ ಬೆಂಕಿ ತಾಗೋದಿಲ್ಲ. ಫೈರ್‌ಬಾಲ್ 3ನೇ ಲೆವೆಲ್ ಸ್ಪೆಲ್ (ಸ್ಪೆಲ್‌ನ ಲೆವೆಲ್ ಬೇರೆ, ಕ್ಯಾರೆಕ್ಟರ್‌ನ ಲೆವೆಲ್ ಬೇರೆ), ಅಂದರೆ ನಾಲ್ಕು ಜನ. ನನ್ನ ಜೊತೆ ಆಡುತ್ತಿದ್ದವರೂ ನಾಲ್ಕೇ ಜನ.

ತಪ್ಪು ಮಾಡಿದ್ದು ಸ್ಪೆಲ್‌ಬುಕ್‌ನಲ್ಲಿ, ಅಂದರೆ ಕಲಿತ ಸ್ಪೆಲ್‌ಗಳನ್ನು ಬರೆದಿಡುವ ಪುಸ್ತಕದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನೀವೂ ಅದೇ ದಾರಿಯಲ್ಲಿದ್ದೀರಿ ಅನ್ನಿಸ್ತು.

ವಿಜಾರ್ಡ್‌ನ ಪುಸ್ತಕಕ್ಕೆ ಮೊದಲ ಲೆವೆಲ್‌ನಲ್ಲಿ ಆರು ಸ್ಪೆಲ್, ಆಮೇಲೆ ಪ್ರತಿ ಲೆವೆಲ್‌ಗೆ ಎರಡು. 5ನೇ ಲೆವೆಲ್‌ಗೆ ಬರುವಾಗ ನನ್ನ ಹತ್ತಿರ 14 ಇದ್ದವು. ಅದರಲ್ಲಿ 11 ಎವೊಕೇಶನ್. ಬರ್ನಿಂಗ್ ಹ್ಯಾಂಡ್ಸ್, ಥಂಡರ್‌ವೇವ್, ವಿಚ್ ಬೋಲ್ಟ್, ಸ್ಕಾರ್ಚಿಂಗ್ ರೇ, ಶ್ಯಾಟರ್, ಹೀಗೆ ಹೊಡೆಯೋದೇ ಹೊಡೆಯೋದು. ಉಳಿದ ಮೂರು ಅಂದರೆ ಮೇಜ್ ಆರ್ಮರ್, ಶೀಲ್ಡ್, ಡಿಟೆಕ್ಟ್ ಮ್ಯಾಜಿಕ್. ಎವೊಕೇಶನ್‌ನವನು ಎವೊಕೇಶನ್ನೇ ಕಲಿಯಬೇಕು ಅಂತ ನನ್ನ ತಲೆಯಲ್ಲಿ ಕೂತಿತ್ತು. ಹಳೆಯ 3.5 ಎಡಿಷನ್ ಬಗ್ಗೆ ಓದಿದ್ದರ ಪರಿಣಾಮ ಅದು. ಅಲ್ಲಿ ಒಂದು ಸ್ಕೂಲಿನಲ್ಲಿ ಸ್ಪೆಷಲೈಸ್ ಮಾಡಿದರೆ ಬೇರೆ ಎರಡು ಸ್ಕೂಲ್‌ಗಳನ್ನು ಪೂರ್ತಿ ಬಿಟ್ಟುಕೊಡಬೇಕಿತ್ತು. ಡಿವಿನೇಶನ್‌ನವರು ಮಾತ್ರ ಒಂದನ್ನು ಬಿಟ್ಟರೆ ಸಾಕಿತ್ತು. ಐದನೇ ಎಡಿಷನ್‌ನಲ್ಲಿ ಆ ನಿಯಮವೇ ಇಲ್ಲ. ಎಂಟು ಸ್ಕೂಲಿನ ಸ್ಪೆಲ್‌ಗಳೂ ನಿಮ್ಮವೇ.

ಇನ್ನೊಂದು ಕಾರಣ ದುಡ್ಡು. ಸಿಕ್ಕ ಸ್ಪೆಲ್ ಅನ್ನು ಪುಸ್ತಕಕ್ಕೆ ಬರೆದುಕೊಳ್ಳೋಕೆ ಸ್ಪೆಲ್‌ನ ಪ್ರತಿ ಲೆವೆಲ್‌ಗೆ 50 ಚಿನ್ನದ ನಾಣ್ಯ, ಎರಡು ಗಂಟೆ. ನಿಮ್ಮದೇ ಸ್ಕೂಲಿನದಾದರೆ ಅರ್ಧ. ಈ ಅರ್ಧ ರೇಟು ನನ್ನ ಕಣ್ಣು ಕಟ್ಟಿತು. 3ನೇ ಲೆವೆಲ್‌ನಲ್ಲಿದ್ದಾಗ ಸತ್ತ ವಿಜಾರ್ಡ್ ಒಬ್ಬನ ಪುಸ್ತಕ ಸಿಕ್ಕಿತ್ತು. ಅದರಲ್ಲಿ ಫೆದರ್ ಫಾಲ್ ಇತ್ತು, ಬೀಳುವವರನ್ನು ಗರಿಯಂತೆ ಮೆಲ್ಲಗೆ ಇಳಿಸುವ ಸ್ಪೆಲ್. ಟ್ರಾನ್ಸ್‌ಮ್ಯುಟೇಶನ್ ಸ್ಕೂಲಿನದು, 1ನೇ ಲೆವೆಲ್. ಬರೀ 50 ನಾಣ್ಯ. "ನನ್ನ ಸ್ಕೂಲ್ ಅಲ್ಲ" ಅಂತ ಆ ಪುಸ್ತಕ ಮಾರಿಬಿಟ್ಟೆ. ಆಗ ನನ್ನ ಹತ್ತಿರ ದುಡ್ಡು ಇರಲಿಲ್ಲ ಅಂತಲ್ಲ. ಇತ್ತು. ಪುಸ್ತಕ ಮಾರಿದ್ದರಿಂದ ಇನ್ನೂ ಜಾಸ್ತಿ ಆಯಿತು.

5ನೇ ಲೆವೆಲ್‌ಗೆ ಬಂದ ಮೇಲೆ ಎರಡನೇ ಸೆಷನ್. ಕಮರಿಯ ಮೇಲೆ ಹಗ್ಗದ ಸೇತುವೆ. ಸೇತುವೆ ದಾಟಬೇಕು ಅಂತ ಹಿಂದಿನ ರಾತ್ರಿಯೇ ನಮಗೆ ಗೊತ್ತಿತ್ತು, ಆದ್ದರಿಂದ ಫೆದರ್ ಫಾಲ್ ಪುಸ್ತಕದಲ್ಲಿ ಇದ್ದಿದ್ದರೆ ಖಂಡಿತ ಪ್ರಿಪೇರ್ ಮಾಡಿಕೊಂಡಿರುತ್ತಿದ್ದೆ. ನನ್ನ ಗೆಳತಿಯ ಕ್ಯಾರೆಕ್ಟರ್ ರೋಗ್ (ಕಳ್ಳಹೆಜ್ಜೆಯ ಪಾತ್ರ), ಗುಬ್ಬಿ ಅಂತ ಒಂದು ಪುಟ್ಟ ನೋಮ್ (ಕುಳ್ಳ ಜನಾಂಗದ್ದು), ಯಾವತ್ತಿನಂತೆ ಮುಂದೆ ಹೋಯಿತು. ನನಗಿಂತ 30 ಅಡಿ ಮುಂದೆ. ಆಚೆ ದಡದಲ್ಲಿ ಅಡಗಿದ್ದ ಗಾಬ್ಲಿನ್‌ಗಳು ಹಗ್ಗ ಕಡಿದವು. ಡಿಎಂ ನನ್ನ ಕಡೆ ತಿರುಗಿ, "ಏನಾದ್ರೂ ಇದೆಯಾ?" ಅಂದ.

ಫೆದರ್ ಫಾಲ್ ರಿಯಾಕ್ಷನ್‌ನಲ್ಲೇ, ಅಂದರೆ ನಮ್ಮ ಸರದಿ ಅಲ್ಲದಿದ್ದರೂ ತಕ್ಷಣ, ಹಾಕಬಹುದು. 60 ಅಡಿ ಒಳಗೆ ಬೀಳುತ್ತಿರುವ ಐದು ಜನರನ್ನು ಒಂದೇ ಸಲಕ್ಕೆ ಉಳಿಸುತ್ತದೆ. ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. "ಇಲ್ಲ" ಅಂದೆ.

120 ಅಡಿ ಆಳ. ಹತ್ತು ಅಡಿಗೆ ಒಂದರಂತೆ ಹನ್ನೆರಡು ದಾಳ. ಗೆಳತಿಯ ಹತ್ತಿರ ಅಷ್ಟು ಆರುಮುಖದ ದಾಳ ಇರಲಿಲ್ಲ. ನನ್ನ ಚೀಲ ಬಿಚ್ಚಿ ಎಂಟು ಕೆಂಪು ದಾಳವನ್ನೂ ಅವಳ ಕೈಗೆ ಹಾಕಿದೆ, ಉಳಿದ ನಾಲ್ಕು ಬೇರೆಯವರು ಕೊಟ್ಟರು. ಎರಡೂ ಕೈ ಸೇರಿಸಿ ಉರುಳಿಸಿದಳು. 44. ಗುಬ್ಬಿಗೆ ಇದ್ದದ್ದು 33 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ.

ನನ್ನ ಸರದಿ ಬಂದಾಗ ಗಾಬ್ಲಿನ್‌ಗಳ ಮೇಲೆ ಫೈರ್‌ಬಾಲ್ ಹಾಕಿದೆ. ಎಲ್ಲವೂ ಸುಟ್ಟುಹೋದವು. ಅಷ್ಟು ದಿನ ಕಾದಿದ್ದ ಸ್ಪೆಲ್, ಆದರೆ ಒಬ್ಬರೂ ಮಾತಾಡಲಿಲ್ಲ. ನಮ್ಮ ಕ್ಲೆರಿಕ್ (ಗಾಯ ವಾಸಿ ಮಾಡುವ ಪಾತ್ರ) ಹಾಕುವ ಹೀಲಿಂಗ್ ವರ್ಡ್ ತಲುಪೋದು 60 ಅಡಿ. ಅವನು ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದಾಗ ಅವಳು ಡೆತ್ ಸೇವ್, ಅಂದರೆ ಸಾವು-ಬದುಕಿನ ದಾಳ, ಉರುಳಿಸುತ್ತಿದ್ದಳು. 7. 12. 4. 9. ಹತ್ತಕ್ಕಿಂತ ಕಡಿಮೆ ಮೂರು ಸಲ ಬಂದರೆ ಮುಗಿಯಿತು. ಸತ್ತವರನ್ನು ಬದುಕಿಸುವ ರಿವಿವಿಫೈ ಸ್ಪೆಲ್‌ಗೆ 300 ನಾಣ್ಯ ಬೆಲೆಯ ವಜ್ರ ಬೇಕು, ಅದು ನಮ್ಮ ಹತ್ತಿರ ಇರಲಿಲ್ಲ. ಒಂದೂವರೆ ವರ್ಷ ಆಡಿದ ಕ್ಯಾರೆಕ್ಟರ್. ಅವಳು ಶೀಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಎಲ್ಲರಿಗೂ ಟೀ ಮಾಡ್ತೀನಿ ಅಂತ ಎದ್ದು ಹೋದಳು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಯಾವ ಸ್ಕೂಲ್ ಪವರ್‌ಫುಲ್ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನ್ನಿಸುತ್ತೆ. ಸ್ಕೂಲ್ ನಿಮಗೆ ಕೊಡೋದು ನಾಲ್ಕೈದು ವಿಶೇಷ ಶಕ್ತಿ ಮಾತ್ರ. ಬಾಕಿ ವಿಜಾರ್ಡ್ ಪೂರ್ತಿ ಆ ಪುಸ್ತಕದಲ್ಲೇ ಇರೋದು. ನೀವು ಪ್ರಶ್ನೆಯ ಜೊತೆ ಕಳಿಸಿದ ಸ್ಪೆಲ್ ಪಟ್ಟಿ ನೋಡಿದೆ, ಎಂಟರಲ್ಲಿ ಆರು ಹೊಡೆಯುವವೇ. ಎರಡನ್ನು ತೆಗೆದು ಫೆದರ್ ಫಾಲ್ ಮತ್ತು ಫೈಂಡ್ ಫೆಮಿಲಿಯರ್ (ಸಹಾಯಕ ಪ್ರಾಣಿಯನ್ನು ಕರೆಸೋದು) ಹಾಕಿಕೊಳ್ಳಿ. ಈಗಲೇ ಬದಲಾಯಿಸಬಹುದಾ ಅಂತ ಡಿಎಂ ಹತ್ತಿರ ಕೇಳಿ, ಆಟ ಶುರುವಾಗಿ ಸ್ವಲ್ಪ ದಿನ ಆಗಿದ್ದರೆ ಬಹಳಷ್ಟು ಡಿಎಂಗಳು ಒಪ್ಪುತ್ತಾರೆ. ಮುಂದಿನ ಲೆವೆಲ್‌ನಲ್ಲಿ ಮಿಸ್ಟಿ ಸ್ಟೆಪ್ (ಕ್ಷಣದಲ್ಲಿ ಬೇರೆ ಜಾಗಕ್ಕೆ ಹಾರೋದು). 5ರಲ್ಲಿ ಫೈರ್‌ಬಾಲ್ ತಗೊಳ್ಳಿ, ಬೇಡ ಅನ್ನಲ್ಲ, ಆದರೆ ಜೊತೆಗೆ ಕೌಂಟರ್‌ಸ್ಪೆಲ್ (ಎದುರಾಳಿಯ ಸ್ಪೆಲ್ ತಡೆಯೋದು) ಇರಲಿ. ಪೂರ್ತಿ ರೇಟು ಕೊಟ್ಟು ಬೇರೆ ಸ್ಕೂಲಿನ ಸ್ಪೆಲ್ ಬರೆದುಕೊಳ್ಳೋಕೆ ಹಿಂದೆಮುಂದೆ ನೋಡಬೇಡಿ.

ಸ್ಕೂಲ್ ಒಂದನ್ನು ಹೇಳಲೇಬೇಕು ಅಂದರೆ ಡಿವಿನೇಶನ್. ನಾನು ಈಗ ಆಡುತ್ತಿರೋದು ಅದನ್ನೇ. ಬೆಳಿಗ್ಗೆ ಎರಡು ಇಪ್ಪತ್ತುಮುಖದ ದಾಳ ಉರುಳಿಸಿ ಬಂದ ಅಂಕಿ ಬರೆದಿಟ್ಟುಕೊಳ್ಳಬೇಕು. ಆ ದಿನ ಕಣ್ಣಿಗೆ ಕಾಣುವ ಯಾರ ಇಪ್ಪತ್ತುಮುಖದ ದಾಳದ ಉರುಳಿಗಾದರೂ, ಅವರು ದಾಳ ಹಾಕುವ ಮೊದಲು, ನಿಮ್ಮ ಅಂಕಿಯನ್ನು ಕೊಡಬಹುದು. ಪೋರ್ಟೆಂಟ್ ಅಂತಾರೆ. ಕೆಟ್ಟ ಅಂಕಿ ಬಂದರೂ ಅದು ಆಸ್ತಿಯೇ. ಹೋದ ತಿಂಗಳು ನನಗೆ 3 ಬಂದಿತ್ತು. ಅದೇ ಗೆಳತಿಯ ಈಗಿನ ಕ್ಯಾರೆಕ್ಟರ್ ಬಾರ್ಡ್ (ಹಾಡುಗಾರ ಪಾತ್ರ) ಡಕಾಯಿತರ ನಾಯಕನ ಮೇಲೆ ಹೋಲ್ಡ್ ಪರ್ಸನ್ (ಕದಲದಂತೆ ಮಾಡುವ ಸ್ಪೆಲ್) ಹಾಕಿದಾಗ, ಅವನ ಸೇವ್‌ಗೆ, ಅಂದರೆ ತಪ್ಪಿಸಿಕೊಳ್ಳುವ ಉರುಳಿಗೆ, ಆ 3 ಕೊಟ್ಟೆ. ಅವಳು ಟೇಬಲ್ ಬಡಿದು ಕೂಗಿದ್ದು ಕೆಳಗಿನ ಮನೆಗೂ ಕೇಳಿಸಿತು.

ಅಬ್ಜುರೇಶನ್ ನಾನು ಆಡಿಲ್ಲ, ಅದರ ಬಗ್ಗೆ ಆಡಿದವರು ಹೇಳಲಿ. ಮತ್ತೆ ನಿಮ್ಮ ಡಿಎಂ 2024ರ ಪುಸ್ತಕಕ್ಕೆ ಬದಲಾಯಿಸುವ ಯೋಚನೆಯಲ್ಲಿದ್ದರೆ ಮೊದಲೇ ಕೇಳಿಕೊಳ್ಳಿ: ಅಲ್ಲಿ ಸ್ಕೂಲ್ ಆರಿಸೋದು 3ನೇ ಲೆವೆಲ್‌ನಲ್ಲಿ. ಹಾಗಾದರೆ ನಿಮಗೆ ಇನ್ನೂ ಒಂದು ಲೆವೆಲ್ ಟೈಮ್ ಇದೆ. ನಿಮ್ಮ ಗುಂಪಿನಲ್ಲಿ ಉಳಿದವರು ಏನೇನು ಆಡ್ತಿದ್ದಾರೆ ಅಂತ ತಿಳಿಸಿ, ಪಟ್ಟಿಯನ್ನು ಒಂದೊಂದೇ ಸ್ಪೆಲ್ ಹಿಡಿದು ನೋಡೋಣ.