ಮೈಸೂರಿನ ಸೈಟು ಮಾರಿ ದುಬೈನಲ್ಲಿ ಮನೆ ಕೊಳ್ಳುವ ಮುನ್ನ ಏನೇನು ನೋಡಿಕೊಳ್ಳಬೇಕು?

ಕುವೆಂಪುನಗರದ ಹಳೆಯ ಸೈಟನ್ನು ಮಾರಿ, ಆ ಹಣದಲ್ಲಿ ನೀವೂ ನಿಮ್ಮ ಪತ್ನಿಯೂ ಸೇರಿ ದುಬೈನಲ್ಲಿ ಸಮುದ್ರ ಕಾಣುವಂಥ ದೊಡ್ಡ ಮನೆ ಕೊಳ್ಳಬೇಕೆಂದಿದ್ದೀರಿ, ಅದರ ಜೊತೆಗೆ ಅಲ್ಲಿ ದೀರ್ಘಕಾಲ ವಾಸಿಸಲು ಅವಕಾಶ ಕೊಡುವ ಗೋಲ್ಡನ್ ವೀಸಾ ಕೂಡ ಆಗಬೇಕು, ಯಾವ ಬಡಾವಣೆಯ ಯಾವ ಕಟ್ಟಡ ಒಳ್ಳೆಯದು ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಆಡಿಟರ್ ಆಗಿ ಕೆಲಸ ಮಾಡುತ್ತೇನೆ. ಇಂಥ ಖರೀದಿಯ ಕಾಗದಪತ್ರಗಳನ್ನು ಹಿಡಿದು ಬಂದವರೊಡನೆ ಕುಳಿತು ಲೆಕ್ಕ ಹಾಕಿದ ಅನುಭವದಿಂದ ಹೇಳುವುದಾದರೆ, ಕಟ್ಟಡವನ್ನು ಆರಿಸುವ ಮೊದಲು ಹಣ ಯಾವ ದಾರಿಯಲ್ಲಿ, ಯಾರ ಹೆಸರಿನಲ್ಲಿ, ಯಾವ ವರ್ಷ ಹೋಗಬೇಕು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. ಹಿಡಿಸದ ಮನೆಯನ್ನು ಮಾರಿಬಿಡಬಹುದು, ತಪ್ಪು ದಾರಿಯಲ್ಲಿ ಹೋದ ಹಣದ ಪ್ರಶ್ನೆ ಮಾತ್ರ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ.

ಭಾರತದಲ್ಲಿ ವಾಸವಾಗಿರುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ, ಎಂದರೆ ಬ್ಯಾಂಕಿನವರು ಎಲ್‌ಆರ್‌ಎಸ್ ಎನ್ನುವ ಯೋಜನೆಯಡಿ, ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. 2004ರಲ್ಲಿ ಈ ಯೋಜನೆ ಆರಂಭವಾದಾಗ ಮಿತಿ 25,000 ಡಾಲರ್ ಮಾತ್ರ ಇತ್ತು. ಗಂಡ ಹೆಂಡತಿ ಇಬ್ಬರೂ ಕಳುಹಿಸಿದರೆ 5,00,000 ಡಾಲರ್ ಆಗುತ್ತದೆ, ಆದರೆ ಹಾಗೆ ಒಟ್ಟುಗೂಡಿಸಬೇಕಾದರೆ ಇಬ್ಬರೂ ಆ ಆಸ್ತಿಯ ಮಾಲೀಕರಾಗಿರಲೇಬೇಕು. ಈಗ ನಿಮ್ಮ ಗೋಲ್ಡನ್ ವೀಸಾದ ಲೆಕ್ಕವನ್ನು ನೋಡೋಣ. ಅದಕ್ಕೆ ಆಸ್ತಿಯ ಬೆಲೆ ಕನಿಷ್ಠ 20 ಲಕ್ಷ ದಿರ್ಹಾಮ್ ಇರಬೇಕು. ದಿರ್ಹಾಮಿನ ದರ ಡಾಲರಿಗೆ 3.6725 ಎಂದು ಸ್ಥಿರವಾಗಿರುವುದರಿಂದ ಅದು ಸುಮಾರು 5,44,600 ಡಾಲರ್ ಆಗುತ್ತದೆ. ಇದರ ಮೇಲೆ ದುಬೈ ಭೂ ಇಲಾಖೆಗೆ ಸಲ್ಲಬೇಕಾದ ಶೇಕಡಾ 4ರ ವರ್ಗಾವಣೆ ಶುಲ್ಕ ಸೇರಿದರೆ 5,66,000 ಡಾಲರ್ ದಾಟುತ್ತದೆ, ದಳ್ಳಾಳಿಯ ಕಮಿಷನ್ ಬೇರೆ. ಅಂದರೆ ನಿಮ್ಮಿಬ್ಬರ ಒಂದು ವರ್ಷದ ಮಿತಿ ಅತ್ಯಂತ ಕಡಿಮೆ ಬೆಲೆಯ ಅರ್ಹ ಮನೆಗೂ ಸಾಲುವುದಿಲ್ಲ. ದಾರಿ ಇಲ್ಲವೆಂದಲ್ಲ: ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಮಾರ್ಚ್‌ನಲ್ಲಿ ಒಂದು ಕಂತು, ಏಪ್ರಿಲ್‌ನಲ್ಲಿ ಇನ್ನೊಂದು ಕಂತು ಎಂದು ಯೋಜಿಸಿದರೆ ಕೆಲವೇ ವಾರಗಳ ಅಂತರದಲ್ಲಿ ಎರಡು ವರ್ಷಗಳ ಮಿತಿ ಬಳಕೆಗೆ ಬರುತ್ತದೆ. ಮಾರಾಟಗಾರನೊಡನೆ ದಿನಾಂಕಗಳನ್ನು ಮಾತಾಡುವಾಗ ಈ ಮಾತು ನಿಮ್ಮ ಮನಸ್ಸಿನಲ್ಲಿರಲಿ. ಇಬ್ಬರ ಹೆಸರಿನಲ್ಲಿರುವ ಆಸ್ತಿಗೆ ವೀಸಾ ಷರತ್ತು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಅಲ್ಲಿನ ಭೂ ಇಲಾಖೆಯಿಂದಲೇ ಲಿಖಿತವಾಗಿ ಕೇಳಿ ಪಡೆಯಿರಿ, ದಳ್ಳಾಳಿಯ ಮಾತಿನ ಮೇಲೆ ನಿಲ್ಲಬೇಡಿ.

ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇಂಥ ಉದ್ದೇಶಕ್ಕೆ ಹಣ ಕಳುಹಿಸುವಾಗ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇಕಡಾ 20ರಷ್ಟನ್ನು ಟಿಸಿಎಸ್, ಎಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಎಂದು ವಸೂಲು ಮಾಡುತ್ತದೆ. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 88 ರೂಪಾಯಿ ಎಂದಿಟ್ಟುಕೊಂಡರೆ ಒಬ್ಬರ 2,50,000 ಡಾಲರ್ ಎಂದರೆ 2 ಕೋಟಿ 20 ಲಕ್ಷ ರೂಪಾಯಿ, ಅದರ ಮೇಲಿನ ಟಿಸಿಎಸ್ 42 ಲಕ್ಷ. ಇಬ್ಬರದೂ ಸೇರಿ 84 ಲಕ್ಷ. ಇದು ಹೆಚ್ಚುವರಿ ತೆರಿಗೆಯಲ್ಲ, ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಜಮೆಯಾಗುತ್ತದೆ, ಉಳಿದದ್ದು ವಾಪಸು ಬರುತ್ತದೆ. ಆದರೆ ಹಣ ಕಳುಹಿಸುವ ದಿನ ಆ 84 ಲಕ್ಷ ಮನೆಯ ಬೆಲೆಯ ಹೊರತಾಗಿ ನಿಮ್ಮ ಖಾತೆಗಳಲ್ಲಿ ಇರಲೇಬೇಕು. ನಿಮ್ಮ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸೈಟು ನಿಮ್ಮೊಬ್ಬರ ಹೆಸರಿನಲ್ಲಿದೆ ಎಂದು ಬರೆದಿದ್ದೀರಿ, ಹಾಗಾಗಿ ಅದನ್ನು ಮಾರಿದ ಲಾಭದ ತೆರಿಗೆಯೂ ನಿಮ್ಮದೇ. ನಿಮ್ಮ ಪ್ಯಾನ್ ಮೇಲೆ ಹಿಡಿದ 42 ಲಕ್ಷವನ್ನು ಆ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಪತ್ನಿಯವರ ಪ್ಯಾನ್ ಮೇಲೆ ಹಿಡಿದದ್ದನ್ನು ನಿಮ್ಮ ತೆರಿಗೆಗೆ ಬಳಸುವಂತಿಲ್ಲ. ಅದು ಅವರ ರಿಟರ್ನ್ ಮೂಲಕ ರೀಫಂಡ್ ಆಗಿಯೇ ಬರಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ನೀವು ಅವರಿಗೆ ಹಣವನ್ನು ಉಡುಗೊರೆಯಾಗಿ ಕೊಟ್ಟು ಅವರು ಅದನ್ನು ಕಳುಹಿಸಿದ್ದರೆ, ಅವರ ಪಾಲಿನ ಬಾಡಿಗೆ ಆದಾಯವನ್ನೂ ನಿಮ್ಮ ಆದಾಯಕ್ಕೇ ಸೇರಿಸಿ ಲೆಕ್ಕ ಹಾಕಲಾಗುತ್ತದೆ.

ಸೈಟು ಮಾರಿದ ಲಾಭದಲ್ಲಿ ಮನೆ ಕೊಂಡರೆ ತೆರಿಗೆ ಇಲ್ಲವಲ್ಲ ಎಂದು ನೀವು ಕೇಳಿದ್ದೀರಿ. ಆ ವಿನಾಯಿತಿ ಸಿಗುವುದು ಭಾರತದಲ್ಲಿ ಮನೆ ಕೊಂಡವರಿಗೆ ಅಥವಾ ಕಟ್ಟಿಸಿದವರಿಗೆ ಮಾತ್ರ. 2014ರ ತಿದ್ದುಪಡಿಯ ನಂತರ ಇದರಲ್ಲಿ ಯಾವ ಗೊಂದಲವೂ ಉಳಿದಿಲ್ಲ. ನಿಮ್ಮ ಸೈಟು 2024ರ ಜುಲೈ 23ಕ್ಕಿಂತ ಹಿಂದೆ ಕೊಂಡದ್ದಾದ್ದರಿಂದ ಶೇಕಡಾ 12.5ರ ದರ, ಇಲ್ಲವೇ ಹಣದುಬ್ಬರದ ಸೂಚ್ಯಂಕ ಹಚ್ಚಿ ಶೇಕಡಾ 20ರ ದರ, ಎರಡರಲ್ಲಿ ಯಾವುದರಿಂದ ತೆರಿಗೆ ಕಡಿಮೆಯೋ ಅದರಂತೆ ಕಟ್ಟಬಹುದು. ಮೂವತ್ತು ವರ್ಷದ ಹಿಂದೆ ಕೊಟ್ಟ ಬೆಲೆಯ ದಾಖಲೆ, ಸೈಟಿಗೆ ಕಾಂಪೌಂಡು ಕಟ್ಟಿಸಿದ ಖರ್ಚಿನ ರಸೀದಿ, ಏನಿದ್ದರೂ ಈಗಲೇ ಹುಡುಕಿ ತೆಗೆದಿಡಿ.

ಇನ್ನು ಬುಕಿಂಗ್ ಹಣದ ಬಗ್ಗೆ. ಮಂಡ್ಯದ ನಿವೃತ್ತ ವೈದ್ಯರೊಬ್ಬರು ಒಂದು ಸಂಜೆ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ಚಿನ್ನದ ಅಕ್ಷರದ ದಪ್ಪ ಕ್ಯಾಟಲಾಗು, ಅದರ ಮೊದಲ ಪುಟಕ್ಕೆ ಸ್ಟೇಪಲ್ ಮಾಡಿದ ಕಾರ್ಡಿನ ಚೀಟಿ. ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಪ್ರದರ್ಶನದಲ್ಲಿ 50,000 ದಿರ್ಹಾಮ್ ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರು. "ಇವತ್ತು ಬಿಟ್ರೆ ಈ ರೇಟು ಸಿಗಕಿಲ್ಲ ಅಂದ್ರು ಕಣಮ್ಮ, ಅದಕ್ಕೇ ಕಾರ್ಡು ಉಜ್ಜಿಬುಟ್ಟೆ" ಎಂದರು. ಆಸ್ತಿ ಖರೀದಿ ಬಂಡವಾಳ ವ್ಯವಹಾರವಾದ್ದರಿಂದ ಅದಕ್ಕೆ ಕ್ರೆಡಿಟ್ ಕಾರ್ಡ್ ಬಳಸುವಂತಿಲ್ಲ. ಬ್ಯಾಂಕಿನಲ್ಲಿ ಎ2 ಅರ್ಜಿ ತುಂಬಿ, ಉದ್ದೇಶ ಆಸ್ತಿ ಖರೀದಿ ಎಂದು ಬರೆದು, ಸ್ವಂತ ಖಾತೆಯಿಂದಲೇ ಕಳುಹಿಸಬೇಕು. ಕ್ಯಾಟಲಾಗಿನ ಕೊನೆಯ ಪುಟದಲ್ಲಿದ್ದ ಕಂತಿನ ಪಟ್ಟಿ ನನಗೆ ಇನ್ನೂ ಆತಂಕ ತಂದಿತು: ಶೇಕಡಾ 60 ಕಟ್ಟಡ ಏಳುವಾಗ, ಉಳಿದ ಶೇಕಡಾ 40 ಬೀಗದ ಕೈ ಕೊಟ್ಟ ಮೇಲೆ ಮೂರು ವರ್ಷಗಳಲ್ಲಿ. ನಮ್ಮ ದೇಶದ 2022ರ ಸಾಗರೋತ್ತರ ಹೂಡಿಕೆ ನಿಯಮಗಳು ಹೊರದೇಶದಲ್ಲಿ ಸ್ಥಿರಾಸ್ತಿ ಪಡೆಯಲು ಅನುಮತಿಸುವ ದಾರಿಗಳಲ್ಲಿ ಎಲ್‌ಆರ್‌ಎಸ್ ಹಣವಿದೆ, ಉತ್ತರಾಧಿಕಾರವಿದೆ, ಹೊರದೇಶದ ಬೇರೆ ಆಸ್ತಿಗಳ ಆದಾಯವಿದೆ, ಆದರೆ ಅಲ್ಲಿನ ಬ್ಯಾಂಕಿನ ಸಾಲವಿಲ್ಲ. ಸ್ವಾಧೀನದ ನಂತರ ತೀರಿಸುವ ಕಂತು ಸಾಲದಂತೆಯೇ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ನನ್ನ ಕಕ್ಷಿದಾರರು ಯಾರೂ ಅದಕ್ಕೆ ಸಹಿ ಹಾಕದಂತೆ ತಡೆಯುತ್ತೇನೆ. ಎಲ್‌ಆರ್‌ಎಸ್‌ನಲ್ಲಿ ಬಂಡವಾಳ ಕಳುಹಿಸಲು ಇಲ್ಲಿನ ಬ್ಯಾಂಕುಗಳೂ ಸಾಲ ಕೊಡುವಂತಿಲ್ಲ. ವೈದ್ಯರು ಲಿಖಿತವಾಗಿ ಬುಕಿಂಗ್ ರದ್ದುಪಡಿಸಿದರು. ಸ್ವಲ್ಪ ಮುರಿದುಕೊಂಡು ಹಣ ಹಿಂದಿರುಗಿಸಲು ಮಾರಾಟಗಾರರು ನಾಲ್ಕು ತಿಂಗಳು ತೆಗೆದುಕೊಂಡರು.

ಕಳುಹಿಸಿದ ಹಣ ಅಲ್ಲಿ ಸುಮ್ಮನೆ ಬಿದ್ದಿರಲೂ ಬಾರದು. 180 ದಿನಗಳೊಳಗೆ ಬಳಕೆಯಾಗದಿದ್ದರೆ ಭಾರತಕ್ಕೆ ವಾಪಸು ತರಬೇಕು.

ಆಸ್ತಿಯ ದಾಖಲೆಗಳಿಗೆ ಬಂದರೆ, ನಮ್ಮಲ್ಲಿ ಮೂಲಪತ್ರ, ಇ.ಸಿ., ಖಾತೆ ನೋಡದೆ ಯಾರೂ ಅಡ್ವಾನ್ಸ್ ಕೊಡುವುದಿಲ್ಲ, ಅದೇ ಜನ ಹೊರದೇಶದ ಮನೆಗೆ ಚಿತ್ರ ನೋಡಿ ಹಣ ಕೊಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದುಬೈನಲ್ಲಿ ವಿದೇಶಿಯರು ಪೂರ್ಣ ಒಡೆತನ ಪಡೆಯಬಹುದಾದದ್ದು 2006ರ 7ನೇ ಕಾನೂನಿನಂತೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ನೀವು ಹೆಸರಿಸಿದ ಪಾಮ್ ಜುಮೇರಾ ಮತ್ತು ದುಬೈ ಮರೀನಾ ಎರಡೂ ಅಂಥವೇ. ಇನ್ನೂ ಕಟ್ಟುತ್ತಿರುವ ಮನೆಯಾದರೆ, 2007ರ 8ನೇ ಕಾನೂನಿನ ಪ್ರಕಾರ ಖರೀದಿದಾರರ ಹಣ ಆ ಯೋಜನೆಯದೇ ಎಸ್ಕ್ರೋ ಖಾತೆಗೆ, ಎಂದರೆ ಆ ಕಟ್ಟಡಕ್ಕೆಂದೇ ಮೀಸಲಿಟ್ಟ ಖಾತೆಗೆ ಹೋಗಬೇಕು, ದಳ್ಳಾಳಿಯ ಖಾತೆಗಾಗಲೀ ಕಂಪನಿಯ ಸಾಮಾನ್ಯ ಖಾತೆಗಾಗಲೀ ಅಲ್ಲ. ನಿಮ್ಮ ಒಪ್ಪಂದ ಔಕೂದ್ ಎಂಬ ತಾತ್ಕಾಲಿಕ ನೋಂದಣಿಯಲ್ಲಿ ದಾಖಲಾಗಬೇಕು. ಭೂ ಇಲಾಖೆಯ ದುಬೈ ರೆಸ್ಟ್ ಎಂಬ ಆ್ಯಪ್‌ನಲ್ಲಿ ಯೋಜನೆಯನ್ನೂ ದಳ್ಳಾಳಿಯ ಪರವಾನಗಿಯನ್ನೂ ಮೈಸೂರಿನಲ್ಲಿ ಕುಳಿತೇ ಪರಿಶೀಲಿಸಬಹುದು. ಐಷಾರಾಮಿ ಕಟ್ಟಡಗಳಲ್ಲಿ ಚದರಡಿ ಲೆಕ್ಕದ ವಾರ್ಷಿಕ ನಿರ್ವಹಣಾ ಶುಲ್ಕ ದೊಡ್ಡದಿರುತ್ತದೆ, ಹಿಂದಿನ ಎರಡು ವರ್ಷಗಳ ಬಿಲ್ಲು ಕೇಳಿ. ಹೋಗಲಾಗದೆ ಯಾರಿಗಾದರೂ ಅಧಿಕಾರ ಪತ್ರ ಕೊಡುವುದಾದರೆ ನಮ್ಮ ನೋಟರಿಯ ಮುದ್ರೆಯೊಂದೇ ಸಾಲದು, ವಿದೇಶಾಂಗ ಸಚಿವಾಲಯದ ಮತ್ತು ಯುಎಇ ರಾಯಭಾರ ಕಚೇರಿಯ ದೃಢೀಕರಣವೂ ಬೇಕು.

ಸಿಂಗಾಪುರ, ಆಸ್ಟ್ರೇಲಿಯಾಗಳನ್ನೂ ನೋಡುತ್ತಿದ್ದೇವೆ ಎಂದಿದ್ದೀರಿ. ಸಿಂಗಾಪುರದಲ್ಲಿ 2023ರ ಏಪ್ರಿಲ್‌ನಿಂದ ವಿದೇಶಿಯರಿಗೆ ಹೆಚ್ಚುವರಿ ಮುದ್ರಾಂಕ ಶುಲ್ಕವೇ ಶೇಕಡಾ 60. ಆಸ್ಟ್ರೇಲಿಯಾ 2027ರ ಮಾರ್ಚ್ 31ರವರೆಗೆ ಹಳೆಯ ಮನೆಗಳನ್ನು ವಿದೇಶಿಯರು ಕೊಳ್ಳದಂತೆ ನಿಷೇಧಿಸಿದೆ. ಹಾಗಾಗಿ ನಿಮ್ಮ ಮೊತ್ತಕ್ಕೆ ದುಬೈ ವಾಸ್ತವಿಕ ಆಯ್ಕೆಯೇ.

ಕೊಂಡ ನಂತರ ಪ್ರತಿ ವರ್ಷ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿಗಳನ್ನು ತೋರಿಸುವ ಎಫ್‌ಎ ಶೆಡ್ಯೂಲ್‌ನಲ್ಲಿ ಇಬ್ಬರೂ ಆ ಮನೆಯನ್ನು ಘೋಷಿಸಬೇಕು, ಬಾಡಿಗೆ ಬಾರದಿದ್ದರೂ ಸರಿ. ತಪ್ಪಿದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸಣ್ಣ ಮೊತ್ತದ ಹೊರದೇಶದ ಆಸ್ತಿಗಳಿಗೆ 2024ರ ಅಕ್ಟೋಬರ್‌ನಿಂದ ಕೊಟ್ಟಿರುವ ರಿಯಾಯಿತಿ ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ. ದುಬೈನಲ್ಲಿ ಬಾಡಿಗೆಗೆ ಆದಾಯ ತೆರಿಗೆ ಇಲ್ಲದಿದ್ದರೂ ನೀವು ಇಲ್ಲಿನ ನಿವಾಸಿಗಳಾದ್ದರಿಂದ ಇಲ್ಲಿ ಕಟ್ಟಲೇಬೇಕು.

ಮಗಳಿಗೆ ಮುಂದೆ ತೊಂದರೆಯಾಗಬಾರದು ಎಂಬ ನಿಮ್ಮ ಕಾಳಜಿಗೆ ಉತ್ತರ ಉಯಿಲಿನಲ್ಲಿದೆ. ಮುಸ್ಲಿಮೇತರರು ದುಬೈ ಆಸ್ತಿಗೆಂದೇ ಪ್ರತ್ಯೇಕ ಉಯಿಲನ್ನು ಅಲ್ಲಿನ ಡಿಐಎಫ್‌ಸಿ, ಎಂದರೆ ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ ನೋಂದಣಿ ಕಚೇರಿಯಲ್ಲಿ 2015ರಿಂದ ನೋಂದಾಯಿಸಬಹುದಾಗಿದೆ. ಆ ಮನೆಯ ಪತ್ರ ಕೈಗೆ ಬಂದ ತಿಂಗಳಲ್ಲೇ ನೀವಿಬ್ಬರೂ ಬೇರೆ ಬೇರೆಯಾಗಿ ಒಂದೊಂದು ಉಯಿಲು ಬರೆಸಿ, ನಕಲನ್ನು ಮಗಳ ಕೈಗೆ ಕೊಟ್ಟುಬಿಡಿ.