ಟೇಪಿನ ಲೆಕ್ಕ, ಕನ್ನಡಿಯ ತಕರಾರು

ಪ್ರಶ್ನೆ: ಮೂರು ತಿಂಗಳಿಂದ ತೂಕ ಇಳಿಸುತ್ತಿದ್ದೇನೆ. ಪ್ರತಿ ಭಾನುವಾರ ಸೊಂಟದ ಸುತ್ತಳತೆ ಬರೆದಿಡುತ್ತೇನೆ. ಒಂದು ವಾರ 91 ಸೆಂ.ಮೀ., ಮರುವಾರ 88, ಅದರಾಚೆ ವಾರ ಮತ್ತೆ 90. ಇಳಿದದ್ದು ಮತ್ತೆ ಏರಿತೇ? ಅಳೆಯುವ ಸರಿಯಾದ ಕ್ರಮ ಯಾವುದು?

ಏರಿಲ್ಲ. ನೀವು ಕರಗಿತೆಂದುಕೊಂಡ 3 ಸೆಂ.ಮೀ. ಕೂಡ ಪೂರ್ತಿ ಕರಗಿರಲಿಕ್ಕಿಲ್ಲ. ವಾರದಿಂದ ವಾರಕ್ಕೆ ಇಷ್ಟು ಓಲಾಡುತ್ತಿದ್ದರೆ ಬಹುಪಾಲು ಟೇಪು ಹಾಯುವ ಜಾಗವೇ ಬದಲಾಗುತ್ತಿರುತ್ತದೆ. ನಮ್ಮ ಮಾತಿನ ರೂಢಿಯೂ ಇದಕ್ಕೆ ಕೈಜೋಡಿಸುತ್ತದೆ: ಬೆನ್ನಿನ ಕೆಳಭಾಗ ನೊಂದರೆ 'ಸೊಂಟ ನೋವು', ಪ್ಯಾಂಟು ನಿಲ್ಲುವ ಜಾಗವೂ ಸೊಂಟ, ಅದರ ಕೆಳಗಿನ ಅಗಲವಾದ ಭಾಗವೂ ಸೊಂಟ. ಆದ್ದರಿಂದ ಇಲ್ಲಿ ಹೊಟ್ಟೆಯ ಮಟ್ಟದ ಸುತ್ತಳತೆಯನ್ನು 'ನಡು' ಎಂದೂ, ಹಿಂಭಾಗ ಅತಿ ಹೆಚ್ಚು ಉಬ್ಬಿರುವಲ್ಲಿನ ಸುತ್ತಳತೆಯನ್ನು 'ಪೃಷ್ಠ' ಎಂದೂ ಕರೆಯೋಣ.

ನಡುವನ್ನು ಬೆರಳಿನಿಂದ ಹುಡುಕಬೇಕು, ಕಣ್ಣಂದಾಜು ಸಾಲದು. ಕಂಕುಳಿನಿಂದ ನೇರ ಕೆಳಕ್ಕೆ ಬೆರಳು ಜಾರಿಸಿ. ಕೊನೆಯ ಪಕ್ಕೆಲುಬಿನ ಅಂಚು ಸಿಗುತ್ತದೆ. ಇನ್ನೂ ಕೆಳಗೆ ಒತ್ತಿದರೆ ದಿಣ್ಣೆಯಂತೆ ಗಟ್ಟಿಯಾಗಿ ತಾಗುವುದು ಸೊಂಟದ ಮೂಳೆಯ ಮೇಲಂಚು. ಎರಡರ ನಟ್ಟನಡುವೆ, ಎಡಬಲ ಎರಡೂ ಪಕ್ಕದಲ್ಲಿ, ಪೆನ್ನಿನಿಂದ ಚುಕ್ಕೆ ಇಡಿ. ಟೇಪು ಈ ಚುಕ್ಕೆಗಳ ಮೇಲೇ ಹಾಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿರುವ ಜಾಗವೂ ಇದೇ. ಹೊಕ್ಕುಳನ್ನು ಗುರುತಾಗಿ ಇಟ್ಟುಕೊಳ್ಳುವವರು ಬಹಳ. ಆದರೆ ಹೊಟ್ಟೆ ಜೋತಿರುವಾಗ ಹೊಕ್ಕುಳೂ ಕೆಳಗೆ ಜಾರಿರುತ್ತದೆ, ಹೊಟ್ಟೆ ಇಳಿದಂತೆ ಅದರ ಜಾಗ ಬದಲಾಗುತ್ತದೆ. ಗುರುತೇ ಓಡಾಡುತ್ತಿದ್ದರೆ ಲೆಕ್ಕ ನಿಲ್ಲುವುದಾದರೂ ಎಲ್ಲಿ?

ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಬರಿಮೈ ಮೇಲೆ ಅಳೆಯಿರಿ. ಪಾದಗಳನ್ನು ಜೋಡಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಲ್ಲಿ. ಬೆನ್ನ ಹಿಂದೆ ಟೇಪು ಸದ್ದಿಲ್ಲದೆ ಕೆಳಗೆ ಜಾರುತ್ತದೆ, ಹೆಚ್ಚಿನವರು ತಪ್ಪುವುದು ಅಲ್ಲೇ. ಕನ್ನಡಿಗೆ ಪಕ್ಕವಾಗಿ ನಿಂತು, ಟೇಪು ನೆಲಕ್ಕೆ ಸಮಾನಾಂತರವಾಗಿದೆಯೇ ನೋಡಿ. ಟೇಪು ಚರ್ಮಕ್ಕೆ ತಾಗಿರಬೇಕು, ಒಳಗೆ ಕಚ್ಚಬಾರದು. ಸಹಜವಾಗಿ ಉಸಿರು ಬಿಟ್ಟು, ಅದು ಮುಗಿಯುವ ಹೊತ್ತಿಗೆ ಅಂಕಿ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವುದು ನೀವೇ. ಟೇಪು ತೆಗೆದು, ಮತ್ತೆ ಸುತ್ತಿ ಎರಡನೇ ಸಲ ಅಳೆಯಿರಿ. ಎರಡರ ಅಂತರ 1 ಸೆಂ.ಮೀ. ಒಳಗಿದ್ದರೆ ಸರಾಸರಿ ಬರೆದುಕೊಳ್ಳಿ, ಮೀರಿದರೆ ಎರಡನ್ನೂ ಬಿಟ್ಟು ಹೊಸದಾಗಿ ಶುರುಮಾಡಿ.

ಟೇಪನ್ನೂ ಒಮ್ಮೆ ಪರೀಕ್ಷಿಸಿ. ವರ್ಷಗಟ್ಟಲೆ ಎಳೆದು ಬಳಸಿದ ಬಟ್ಟೆಯ ಟೇಪು ಹಿಗ್ಗಿರುತ್ತದೆ. ಗೆರೆಗಳ ನಡುವಿನ ಅಂತರ ಹೆಚ್ಚಿರುವುದರಿಂದ ಅದು ಯಾವಾಗಲೂ ಕಡಿಮೆಯೇ ತೋರಿಸುತ್ತದೆ. ಮುಖಸ್ತುತಿ ಮಾಡುವ ಗೆಳೆಯನಿದ್ದ ಹಾಗೆ. ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು 30 ಸೆಂ.ಮೀ. ಹೊಂದುತ್ತದೆಯೇ ನೋಡಿ. ಹಿಗ್ಗದ ಫೈಬರ್‌ಗ್ಲಾಸ್ ಟೇಪು ಒಳ್ಳೆಯದು.

ತೊಡೆಯನ್ನು ತೊಡೆಸಂದಿಗೂ ಮಂಡಿಚಿಪ್ಪಿನ ಮೇಲಂಚಿಗೂ ಮಧ್ಯದಲ್ಲಿ, ತೋಳನ್ನು ಭುಜದ ತುದಿಮೂಳೆಗೂ ಮೊಣಕೈಗೂ ಮಧ್ಯದಲ್ಲಿ ಅಳೆಯಿರಿ. ಬಲಗಡೆ ಶುರುಮಾಡಿದರೆ ಕೊನೆಯವರೆಗೂ ಬಲಗಡೆಯೇ.

ಇನ್ನು ವಾರವಾರದ ಅಳತೆ ಬೇಡ. ನಾಲ್ಕು ವಾರಕ್ಕೊಮ್ಮೆ ಸಾಕು. ನಿಮ್ಮ ಕೈಯ ತಪ್ಪೇ 1 ಸೆಂ.ಮೀ. ಇರುವಾಗ 1 ಸೆಂ.ಮೀ. ಇಳಿಕೆಗೆ ಹಿಗ್ಗುವುದೂ ಬೇಡ, ಏರಿಕೆಗೆ ಕುಗ್ಗುವುದೂ ಬೇಡ, 2 ಸೆಂ.ಮೀ. ದಾಟಿದರೆ ನಂಬಿ. ಎಲ್ಲಿಗೆ ಮುಟ್ಟಬೇಕು ಎನ್ನುವುದಕ್ಕೆ ಒರಟು ಸೂತ್ರವೊಂದಿದೆ: ನಡು ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಎತ್ತರ 160 ಸೆಂ.ಮೀ. ಆದರೆ ನಡು 80ರ ಒಳಗೆ. ಇದು ಹೃದಯ, ಸಕ್ಕರೆ ಕಾಯಿಲೆಗಳ ಅಪಾಯ ತೂಗುವ ಗೆರೆ. ನೀವು ಚೆನ್ನಾಗಿ ಕಾಣುತ್ತೀರೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ತೂಕ ಐದು ವಾರದಿಂದ ಒಂದೇ ಕಡೆ ನಿಂತಿದೆ. ಪ್ಯಾಂಟು ಮಾತ್ರ ಸಡಿಲವಾಗಿದೆ. ಕೊಬ್ಬು ಹೋಗಿ ಸ್ನಾಯು ಬಂತು ಎನ್ನುತ್ತಾರೆ ಜಿಮ್‌ನವರು. ನಿಜವೇ?

ಅರ್ಧ ನಿಜ. ವ್ಯಾಯಾಮ ಹೊಸದಾಗಿ ಶುರುಮಾಡಿದವರ ಸ್ನಾಯು ಮೊದಲು ತುಂಬಿಕೊಳ್ಳುವುದು ನೀರನ್ನು. ಸ್ನಾಯುವಿನಲ್ಲಿ ಶೇಖರವಾಗುವ ಪ್ರತಿ 1 ಗ್ರಾಂ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಡಯಟ್‌ನ ಮೊದಲ ವಾರದಲ್ಲಿ ದಬದಬನೆ 2 ಕೆ.ಜಿ. ಇಳಿಯುವುದೂ, ಒಂದು ಭರ್ಜರಿ ಊಟದ ಮರುದಿನ ಒಂದೂವರೆ ಕೆ.ಜಿ. ಏರುವುದೂ ಬಹುಮಟ್ಟಿಗೆ ಈ ನೀರಿನ ಆಟವೇ. ಮುಟ್ಟಿಗೆ ಮುಂಚಿನ ದಿನಗಳಲ್ಲೂ ಮೈ ನೀರು ಹಿಡಿಯುತ್ತದೆ. ಹಾಗಾಗಿ ಈ ತಿಂಗಳ ಆ ದಿನಗಳನ್ನು ಹೋದ ತಿಂಗಳ ಅದೇ ದಿನಗಳ ಜೊತೆ ಹೋಲಿಸಿ, ಹೋದ ವಾರದ ಜೊತೆಗಲ್ಲ.

ಕೊಬ್ಬು ಬೆಟ್ಟದಷ್ಟು, ಸ್ನಾಯು ಮುಷ್ಟಿಯಷ್ಟು ಎಂದು ತೋರಿಸುವ ಚಿತ್ರಗಳನ್ನು ನೋಡಿರುತ್ತೀರಿ. ಅದು ಅತಿಶಯೋಕ್ತಿ. 1 ಕೆ.ಜಿ. ಕೊಬ್ಬು ಸುಮಾರು 1.1 ಲೀಟರ್ ಜಾಗ ಹಿಡಿದರೆ, 1 ಕೆ.ಜಿ. ಸ್ನಾಯು ಸುಮಾರು 0.94 ಲೀಟರ್ ಹಿಡಿಯುತ್ತದೆ. ವ್ಯತ್ಯಾಸ ಒಂದು ಸಣ್ಣ ಲೋಟದಷ್ಟು. ನಿಮ್ಮ ಪ್ಯಾಂಟು ಸಡಿಲವಾದದ್ದು ನಿಜವಾಗಿ ಕೊಬ್ಬು ಇಳಿದದ್ದರಿಂದ, ಇಳಿದಷ್ಟನ್ನು ನೀರು ಮತ್ತು ತುಸು ಸ್ನಾಯು ತಕ್ಕಡಿಯಲ್ಲಿ ಮುಚ್ಚಿಹಾಕಿವೆ. ಟೇಪೂ ತಕ್ಕಡಿಯೂ ಎರಡು ತಿಂಗಳು ಅಲುಗದಿದ್ದರೆ ಆಗ ಮಾತು ಬೇರೆ: ತಿನ್ನುವುದೂ ಖರ್ಚಾಗುವುದೂ ಸಮವಾಗಿದೆ ಎಂದರ್ಥ. ಹಗುರಾದ ಮೈ ಮೊದಲಿಗಿಂತ ಕಡಿಮೆ ಶಕ್ತಿ ಬಳಸುತ್ತದೆ, ಹಳೆಯ ಲೆಕ್ಕ ಈಗ ನಡೆಯದು.

ಪ್ರಶ್ನೆ: ಮನೆಯ ಸ್ಮಾರ್ಟ್ ಸ್ಕೇಲ್ ಬೆಳಿಗ್ಗೆ ಕೊಬ್ಬು ಶೇ 33 ಎನ್ನುತ್ತದೆ, ಸಂಜೆ ಶೇ 30. ಯಾವುದನ್ನು ನಂಬಲಿ?

ಎರಡನ್ನೂ ಬೇಡ. ಅದು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ, ಎದುರಾದ ತಡೆಯಿಂದ ಕೊಬ್ಬನ್ನು ಊಹಿಸುತ್ತದೆ, ಅಳೆಯುವುದಿಲ್ಲ. ನೀರು ಕುಡಿದಿದ್ದೀರಾ, ಬೆವರಿದ್ದೀರಾ, ಪಾದ ಒದ್ದೆಯೇ ಎಂಬುದರ ಮೇಲೆ ಅಂಕಿ ಕುಣಿಯುತ್ತದೆ. ಒಂದೇ ಹೊತ್ತಿನಲ್ಲಿ ತೆಗೆದ ಅಂಕಿಗಳು ಮೂರು ತಿಂಗಳಲ್ಲಿ ಯಾವ ಕಡೆ ವಾಲಿವೆ ಎಂದಷ್ಟೇ ನೋಡಿ.

ಪ್ರಶ್ನೆ: ಅಕ್ಕನೂ ನಾನೂ ಒಟ್ಟಿಗೆ 9-10 ಕೆ.ಜಿ. ಇಳಿಸಿದೆವು. ಅವಳ ಹೊಟ್ಟೆ ಸಪಾಟಾಯಿತು. ನನ್ನ ತೊಡೆ ಹಾಗೇ ಇದೆ. ಮೇಲಾಗಿ ಪೃಷ್ಠದ ಎರಡೂ ಪಕ್ಕ ಮೊದಲಿಲ್ಲದ ತಗ್ಗು ಕಾಣುತ್ತಿದೆ. ದಿನಕ್ಕೆ 100 ಸಲ ಕಾಲೆತ್ತುವ ವ್ಯಾಯಾಮ ಮಾಡುತ್ತೇನೆ. ಇನ್ನೆಷ್ಟು ಮಾಡಬೇಕು?

ತೊಡೆ ಕರಗಲೆಂದು ಮಾಡುತ್ತಿದ್ದರೆ ಇಂದೇ ನಿಲ್ಲಿಸಬಹುದು. ದುಡಿಯುವ ಸ್ನಾಯು ಪಕ್ಕದಲ್ಲಿರುವ ಕೊಬ್ಬನ್ನೇ ಕಿತ್ತು ತಿನ್ನುವುದಿಲ್ಲ. ಮೈಯೆಲ್ಲೆಡೆಯ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲವನ್ನು ರಕ್ತಕ್ಕೆ ಬಿಡುತ್ತವೆ, ಸ್ನಾಯು ತನಗೆ ಬೇಕಾದ್ದನ್ನು ರಕ್ತದಿಂದ ಎತ್ತಿಕೊಳ್ಳುತ್ತದೆ. ಯಾವ ಕೋಶ ಮೊದಲು ಬಿಡುತ್ತದೆ ಎಂಬುದನ್ನು ಹಾರ್ಮೋನು ಮತ್ತು ವಂಶ ತೀರ್ಮಾನಿಸುತ್ತವೆ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಇರುವ ಕೊಬ್ಬು ಬೇಗ ಕರಗುವ ಜಾತಿ. ಹೆಂಗಸರ ತೊಡೆಯ ಕೋಶಗಳಲ್ಲಿ ಹಾರ್ಮೋನಿನ ಸಂದೇಶ ಹಿಡಿದು ಕೊಬ್ಬಿನ ಬಿಡುಗಡೆಗೆ ತಡೆಹಾಕುವ ಗ್ರಾಹಕಗಳು ಹೆಚ್ಚು, ಅವು ಜಿಪುಣ. ಆರೋಗ್ಯದ ದೃಷ್ಟಿಯಿಂದ ಇದು ನಿಮ್ಮ ಅದೃಷ್ಟವೇ, ಏಕೆಂದರೆ ವೈದ್ಯರು ಹೆದರುವುದು ಹೊಟ್ಟೆಯೊಳಗಿನ ಕೊಬ್ಬಿಗೆ, ತೊಡೆಯದಕ್ಕಲ್ಲ. ಪ್ಯಾಂಟು ಕೊಳ್ಳಲು ನಿಂತಾಗ ಈ ಮಾತಿನಿಂದ ಸಮಾಧಾನವಾಗದು, ಗೊತ್ತಿದೆ.

ತಗ್ಗಿನ ವಿಷಯ. ಕೈಯನ್ನು ಪಕ್ಕಕ್ಕಿಟ್ಟು ಸೊಂಟದ ಮೂಳೆಯ ಮೇಲಂಚನ್ನು ಮುಟ್ಟಿ. ಅಲ್ಲಿಂದ ಸುಮಾರು ಒಂದು ಅಂಗೈ ಅಗಲದಷ್ಟು ಕೆಳಗೆ ಇನ್ನೊಂದು ಗಟ್ಟಿ ಗುಬುಟು ಸಿಗುತ್ತದೆ, ಕಾಲನ್ನು ತಿರುಗಿಸಿದರೆ ಬೆರಳಡಿ ಅದು ಹೊರಳುತ್ತದೆ. ಅದು ತೊಡೆಮೂಳೆಯ ಹೊರಚಾಚು. ಈ ಎರಡರ ನಡುವೆ ಹೊರಮೈಗೆ ಹತ್ತಿರವಾಗಿ ಯಾವ ಮೂಳೆಯೂ ಇಲ್ಲ, ಸ್ನಾಯು ಮಾತ್ರ. ಮೂಳೆಗಳ ಅಂತರ ಹೆಚ್ಚಿದ್ದವರಲ್ಲಿ, ಮೇಲಿನ ಕೊಬ್ಬು ತೆಳುವಾದಾಗ ಆ ಜಾಗ ತಗ್ಗಾಗಿ ಕಾಣುತ್ತದೆ. ನೀವು ದೋಷವೆಂದುಕೊಂಡದ್ದು ನಿಮ್ಮ ಅಸ್ಥಿಪಂಜರ. ಅಲ್ಲಿನ ಸ್ನಾಯು ಬೆಳೆಸಿದರೆ ತುಸು ತುಂಬೀತು, ಅಳಿಸಿಹೋಗದು.

ನಮ್ಮ ಸಲಹೆ ಇಷ್ಟು: ಮೈಯ ಅಳತೆಗಳನ್ನು ಎರಡು ಕಾಲಂ ಮಾಡಿ ಬರೆಯಿರಿ. ಭುಜದಗಲ, ಪಕ್ಕೆಗೂಡಿನ ಅಗಲ, ಸೊಂಟದ ಮೂಳೆಗಳ ನಡುವಿನ ಅಂತರ, ಮಣಿಕಟ್ಟು ಒಂದು ಕಡೆ. ನಡು, ತೊಡೆ, ತೋಳು ಇನ್ನೊಂದು ಕಡೆ. ಮೊದಲ ಕಾಲಂ ಎಷ್ಟು ಹಸಿದರೂ ಅಲುಗದು. 'ಸೇಬು', 'ಪೇರು', 'ಮರಳುಗಡಿಯಾರ' ಎಂದು ಮೈಯಾಕಾರಕ್ಕೆ ಇಡುವ ಹೆಸರುಗಳಲ್ಲಿ ಅರ್ಧಪಾಲು ಈ ಕಾಲಂನದ್ದೇ. ತನ್ನನ್ನು ಒಪ್ಪಿಕೊಳ್ಳುವುದು ಎಂದರೆ ದೊಡ್ಡ ತಪಸ್ಸೇನಲ್ಲ. ಮೊದಲ ಕಾಲಂನ ಜೊತೆ ಜಗಳ ನಿಲ್ಲಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಎರಡನೇ ಕಾಲಂಗೂ ಒಂದು ಮಿತಿಯಿದೆ. ತೂಕ ಇಳಿದಾಗ ಕೊಬ್ಬಿನ ಕೋಶಗಳು ಕುಗ್ಗುತ್ತವೆಯೇ ಹೊರತು ಅವುಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಸಂಶೋಧನೆಯೊಂದು ಇದನ್ನು ಕಂಡುಕೊಂಡ ಬಗೆ ಸೋಜಿಗದ್ದು: ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 (ವಿಕಿರಣ ಸೂಸುವ ಇಂಗಾಲ) ಕೋಶಗಳ ಡಿಎನ್‌ಎಯಲ್ಲಿ ಎಷ್ಟಿದೆ ಎಂದು ನೋಡಿ ಅವುಗಳ ವಯಸ್ಸು ಲೆಕ್ಕ ಹಾಕಿದರು. ವರ್ಷಕ್ಕೆ ಸುಮಾರು ಶೇ 10ರಷ್ಟು ಕೋಶಗಳು ಸತ್ತು, ಅಷ್ಟೇ ಹೊಸವು ಹುಟ್ಟುತ್ತವೆ.

ಪ್ರಶ್ನೆ: 108 ಕೆ.ಜಿ.ಯಿಂದ 78ಕ್ಕೆ ಬಂದಿದ್ದೇನೆ. ಹೊಟ್ಟೆಯ ಚರ್ಮ ಜೋತುಬಿದ್ದಿದೆ. ಜನ ಹೊಗಳುತ್ತಾರೆ. ನನಗೆ ಕನ್ನಡಿಯಲ್ಲಿ ಹಳೆಯವನೇ ಕಾಣುತ್ತಾನೆ. ಎರಡು ಕುರ್ಚಿಗಳ ನಡುವೆ ಈಗಲೂ ಅಡ್ಡಡ್ಡ ತಿರುಗಿ ಹೋಗುತ್ತೇನೆ.

ಮೊದಲು ಚರ್ಮ. ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮಡಚಿದ ಬಟ್ಟೆಯಂತೆ ತೆಳುವಾಗಿದ್ದರೆ ಅದು ಬರೀ ಚರ್ಮ, ಮೆತ್ತಗೆ ದಪ್ಪವಾಗಿದ್ದರೆ ಒಳಗಿನ್ನೂ ಕೊಬ್ಬಿದೆ. ಬಹುಕಾಲ ಹಿಗ್ಗಿದ ಚರ್ಮದಲ್ಲಿ ಎಲಾಸ್ಟಿನ್ ಎಳೆಗಳು ಹರಿದಿರುತ್ತವೆ, ಹಳೆಯ ಪೈಜಾಮದ ಎಲಾಸ್ಟಿಕ್ ಥರ. ವಯಸ್ಸು, ಎಷ್ಟು ವರ್ಷ ದಪ್ಪಗಿದ್ದಿರಿ, ಸಿಗರೇಟು, ಬಿಸಿಲು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದೆರಡು ವರ್ಷ ತಾನಾಗಿ ತುಸು ಬಿಗಿಯಾಗಲು ಅವಕಾಶವಿದೆ. ಕ್ರೀಮು, ಎಣ್ಣೆ ಮೇಲ್ಮೈಯನ್ನು ನುಣುಪು ಮಾಡುತ್ತವೆ, ಮಡಿಕೆ ಎತ್ತುವುದಿಲ್ಲ. ಶಸ್ತ್ರಚಿಕಿತ್ಸೆ ಬೇಕೆನಿಸಿದರೆ ತೂಕ ಕನಿಷ್ಠ 6 ತಿಂಗಳು ಸ್ಥಿರವಾಗಿರಲಿ. ಚರ್ಮದ ಬದಲಿಗೆ ಉದ್ದನೆಯ ಗಾಯದ ಕಲೆ ಬರುತ್ತದೆ ಎಂಬುದು ತಿಳಿದಿರಲಿ. ಸ್ನಾನದ ನಂತರ ಮಡಿಕೆಯ ಒಳಗೆ ಒತ್ತಿ ಒರೆಸಿ ಒಣಗಿಸಿ. ಕೆಂಪಾಗಿ ತುರಿಸಿದರೆ ಚರ್ಮದ ವೈದ್ಯರಿಗೆ ತೋರಿಸಿ, ಅದು ಬಹುತೇಕ ಶಿಲೀಂಧ್ರ.

ಇನ್ನು ಕುರ್ಚಿಗಳ ಮಾತು. ಮೈ ಇಳಿದ ವೇಗಕ್ಕೆ ಮಿದುಳಿನಲ್ಲಿರುವ ಮೈಯ ನಕ್ಷೆ ಬದಲಾಗುವುದಿಲ್ಲ, ಹಲವು ತಿಂಗಳು ಹಿಂದೆ ಬೀಳುತ್ತದೆ. ಅದಕ್ಕೆ ಬುದ್ಧಿಮಾತು ಕೇಳಿಸದು, ಸಾಕ್ಷಿ ತೋರಿಸಬೇಕು. ಒಂದು ದಾರ ತೆಗೆದುಕೊಂಡು, ನಿಮ್ಮ ನಡು ಇಷ್ಟಿರಬಹುದು ಎಂದು ಊಹಿಸಿ ನೆಲದ ಮೇಲೆ ಬಳೆಯಾಕಾರದಲ್ಲಿ ಇಡಿ. ಬಳಿಕ ಇನ್ನೊಂದು ದಾರವನ್ನು ನಿಜವಾಗಿ ನಡುವಿಗೆ ಸುತ್ತಿ, ಕತ್ತರಿಸಿ, ಮೊದಲ ಬಳೆಯ ಒಳಗೆ ಇಡಿ. ಎರಡರ ನಡುವೆ ಉಳಿಯುವ ಖಾಲಿ ಜಾಗವೇ ನಿಮ್ಮ ತಪ್ಪು ಅಂದಾಜು. ತಿಂಗಳಿಗೊಮ್ಮೆ ಮಾಡಿ, ಅದು ಕಿರಿದಾಗುವುದನ್ನು ನೋಡಿ.

ಕನ್ನಡಿಯ ಮುಂದೆ ಎರಡು ಹೆಜ್ಜೆ ದೂರ ನಿಂತು, ತಲೆಯಿಂದ ಕಾಲಿನವರೆಗೆ ಕಂಡದ್ದನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು ಅಭ್ಯಾಸ. ತೀರ್ಪಿನ ಪದ ಬಳಸುವಂತಿಲ್ಲ. 'ಅಸಹ್ಯ ಹೊಟ್ಟೆ' ಬೇಡ. 'ಹೊಕ್ಕುಳ ಕೆಳಗೆ ಚರ್ಮ ಒಂದು ಮಡಿಕೆ ಬಿದ್ದಿದೆ, ಬಣ್ಣ ಉಳಿದ ಕಡೆಗಿಂತ ತಿಳಿ' ಸಾಕು. ಮೂಗು ಕತ್ತುಗಳನ್ನು ಹಾರಿಸಿ ಸೀದಾ ಹೊಟ್ಟೆಗೆ ಇಳಿಯುವುದೇ ಎಲ್ಲರೂ ಮಾಡುವ ತಪ್ಪು. ಮೈಯನ್ನು ಪ್ರೀತಿಸಲೇಬೇಕೆಂಬ ಒತ್ತಾಯವೇನಿಲ್ಲ, ಬೈಯದಿದ್ದರೆ ಸದ್ಯಕ್ಕೆ ಸಾಕು. ಹಳೆಯ ದೊಗಳೆ ಅಂಗಿಗಳನ್ನೂ ತೆಗೆದಿಡಿ. ಅವುಗಳೊಳಗೆ ನಿಂತವನಿಗೆ ಕನ್ನಡಿ ಬೇರೇನು ತೋರಿಸೀತು?

ಪ್ರಶ್ನೆ: ದಿನಕ್ಕೆ ಐದಾರು ಸಲ ನಡು ಅಳೆಯುತ್ತೇನೆ. ಅರ್ಧ ಸೆಂ.ಮೀ. ಹೆಚ್ಚಾದರೂ ರಾತ್ರಿ ಊಟ ಬಿಡುತ್ತೇನೆ. ಇಡೀ ದಿನ ತಿನ್ನುವುದರದ್ದೇ ಯೋಚನೆ. ನನ್ನ ಮನಸ್ಸು ಇಷ್ಟು ದುರ್ಬಲವೇ?

ದುರ್ಬಲವಲ್ಲ, ಹಸಿದಿದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಅಧ್ಯಯನ ಮಾಡಿದರು. ಎಲ್ಲರೂ ಸ್ವಇಚ್ಛೆಯಿಂದ ಬಂದವರು. ಕೆಲವೇ ವಾರಗಳಲ್ಲಿ ಅವರ ತಲೆಯಲ್ಲಿ ಆಹಾರದ ಹೊರತು ಬೇರೇನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಕೂಡಿಡುವವರೂ ಇದ್ದರು. (ತೂಕ-ಎತ್ತರದ ಹಳೆಯ ಸೂತ್ರವೊಂದಕ್ಕೆ 1972ರಲ್ಲಿ 'ಬಿಎಂಐ' ಎಂದು ಹೆಸರಿಟ್ಟವರೂ ಇದೇ ಕೀಸ್.)

ಒಂದೇ ದಿನದೊಳಗೆ ನಡು ಏರಿಳಿಯುವುದು ನೀರು, ಗಾಳಿ, ಊಟದಿಂದ. ಆ ಅರ್ಧ ಸೆಂ.ಮೀ.ನಲ್ಲಿ ಕೊಬ್ಬಿನ ಸುದ್ದಿಯೇ ಇಲ್ಲ. ಟೇಪನ್ನು ಮನೆಯಲ್ಲಿ ಬೇರೊಬ್ಬರ ಕೈಗೆ ಕೊಟ್ಟು, ತಿಂಗಳಿಗೊಮ್ಮೆ ಮಾತ್ರ ಕೇಳಿ ಪಡೆಯಿರಿ. ಕೊಡಲು ಮನಸ್ಸಾಗದಿದ್ದರೆ, ತಿಂದದ್ದನ್ನು ವಾಂತಿ ಮಾಡುತ್ತಿದ್ದರೆ, ಮುಟ್ಟು ಮೂರು ತಿಂಗಳಿಂದ ನಿಂತಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ತಡಮಾಡಬೇಡಿ: ಮೊದಲು ವೈದ್ಯರು, ಜೊತೆಯಲ್ಲೇ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು. ಹೋಗುವಾಗ ಅಳತೆ ಬರೆದಿಟ್ಟ ಪುಸ್ತಕವನ್ನೂ ಒಯ್ಯಿರಿ, ಬಿಟ್ಟ ಊಟಗಳನ್ನು ಅದರಲ್ಲೇ ದಿನಾಂಕದ ಮುಂದೆ ಗುರುತು ಮಾಡಿ.