ಡಾ. ಡ್ರೂ ರಕ್ತ ಸಿಗದೆ ಸತ್ತರೇ?

ಪ್ರಶ್ನೆ: ಬ್ಲಡ್ ಬ್ಯಾಂಕ್ ಕಂಡುಹಿಡಿದ ಅಮೆರಿಕದ ಡಾ. ಚಾರ್ಲ್ಸ್ ಡ್ರೂ ಕಪ್ಪು ಜನಾಂಗದವರೆಂದು, ಅಪಘಾತವಾದಾಗ ಅವರಿಗೇ ರಕ್ತ ಕೊಡಲಿಲ್ಲವಂತೆ. ವಾಟ್ಸ್‌ಆಪ್‌ನಲ್ಲಿ ಓದಿದೆ. ನಿಜವೇ ಡಾಕ್ಟರೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಜವಲ್ಲ. 1950ರ ಏಪ್ರಿಲ್ 1ರಂದು ಟಸ್ಕೆಗೀಯ ವೈದ್ಯಕೀಯ ಶಿಬಿರಕ್ಕೆ ಹೊರಟಿದ್ದ ಡ್ರೂ, ಉತ್ತರ ಕೆರೊಲಿನಾದಲ್ಲಿ ಕಾರು ಓಡಿಸುತ್ತಲೇ ತೂಕಡಿಸಿದರು. ಕಾರು ಉರುಳಿತು. ಹತ್ತಿರದ ಆಸ್ಪತ್ರೆಯ ಬಿಳಿಯ ವೈದ್ಯರು ಉಳಿಸಲು ಹೆಣಗಿದರೆಂದು ಜೊತೆಗಿದ್ದ ಕಪ್ಪು ವೈದ್ಯರೇ ಹೇಳಿದ್ದಾರೆ. ಆದರೂ ಉಳಿಯಲಿಲ್ಲ; ಪೆಟ್ಟು ಅಂಥದ್ದಿತ್ತು. ವಯಸ್ಸು ಬರೀ 45.

ಇನ್ನು ಆ ‘ಕಂಡುಹಿಡಿದ’ ಎಂಬ ಮಾತು. ಸಿಟ್ರೇಟ್ ಎಂಬ ಲವಣ ಬೆರೆಸಿದರೆ ರಕ್ತ ಹೆಪ್ಪುಗಟ್ಟದು ಎಂಬುದು 1914ರಲ್ಲೇ ಗೊತ್ತಿತ್ತು. ಷಿಕಾಗೋದಲ್ಲಿ ಬರ್ನಾರ್ಡ್ ಫ್ಯಾಂಟಸ್ 1937ರಲ್ಲೇ ಆಸ್ಪತ್ರೆಯೊಳಗೆ ಬ್ಲಡ್ ಬ್ಯಾಂಕ್ ತೆರೆದಿದ್ದರು. ಡ್ರೂ ಕೈಗೆತ್ತಿಕೊಂಡದ್ದು ಯಾರಿಗೂ ಬೇಡದ ಬೇಸರದ ಕೆಲಸ. ತಣ್ಣಗಿಟ್ಟ ರಕ್ತ ದಿನದಿಂದ ದಿನಕ್ಕೆ ಹೇಗೆ ಕೆಡುತ್ತದೆ, ಕೆಂಪುಕಣದೊಳಗಿನ ಪೊಟ್ಯಾಸಿಯಂ ಹೇಗೆ ಹೊರಗೆ ಸೋರುತ್ತದೆ ಎಂದೆಲ್ಲ ಅಳೆದು, 1940ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. ಅದೇ ವರ್ಷ ಲಂಡನ್ ಮೇಲೆ ಬಾಂಬು ಬೀಳತೊಡಗಿತು. ನ್ಯೂಯಾರ್ಕ್‌ನಿಂದ ಬ್ರಿಟನ್ನಿಗೆ ಪ್ಲಾಸ್ಮಾ ಕಳಿಸುವ ಯೋಜನೆ ಇವರ ಹೆಗಲಿಗೆ ಬಂತು. ರಕ್ತದಿಂದ ಕಣ ಬೇರ್ಪಡಿಸಿದಾಗ ಉಳಿಯುವ ದ್ರವವೇ ಪ್ಲಾಸ್ಮಾ; ಅದು ರಕ್ತಕ್ಕಿಂತ ಹೆಚ್ಚು ದಿನ ಬಾಳುತ್ತದೆ, ಗುಂಪು ಹೊಂದಿಸುವ ತಾಪತ್ರಯವೂ ಕಡಿಮೆ. ಆದರೆ ಹಡಗು ಹತ್ತುವ ಮೊದಲೇ ಅದರಲ್ಲಿ ಬ್ಯಾಕ್ಟೀರಿಯಾ ಸೇರಿಬಿಟ್ಟರೆ? ಹಲವು ಆಸ್ಪತ್ರೆಗಳು ಒಂದೇ ಕ್ರಮದಲ್ಲಿ ರಕ್ತ ತೆಗೆಯುವಂತೆ, ಪರೀಕ್ಷೆಯಾಗದ ಪ್ಲಾಸ್ಮಾ ಹೊರಡದಂತೆ ಡ್ರೂ ನೋಡಿಕೊಂಡರು. 14,000ಕ್ಕೂ ಹೆಚ್ಚು ದಾನಿಗಳ ರಕ್ತ ಹೀಗೆ ಸಂಗ್ರಹವಾಯಿತು. ರಿಜಿಸ್ಟರು, ಲೇಬಲ್ಲು, ಫ್ರಿಜ್ಜಿನ ತಾಪಮಾನದ ಚಾರ್ಟು ನೋಡುತ್ತಲೇ ಸರ್ವೀಸು ಮುಗಿಸಿದ ನನಗೆ ಅವರ ಮೇಲೆ ಗೌರವ ಇರುವುದು ಇದಕ್ಕೇ.

ಹಾಗೆಂದು ಅನ್ಯಾಯವೇ ಆಗಲಿಲ್ಲ ಎನ್ನಬೇಡಿ. 1941ರಲ್ಲಿ ಅಮೆರಿಕನ್ ರೆಡ್‌ಕ್ರಾಸ್ ಸೈನ್ಯಕ್ಕಾಗಿ ರಕ್ತ ಸಂಗ್ರಹಿಸುವಾಗ ಕಪ್ಪು ದಾನಿಗಳನ್ನು ಹೊರಗಿಟ್ಟಿತು. ಮರುವರ್ಷ ಒಳಗೆ ಬಿಟ್ಟರೂ ಅವರ ರಕ್ತಕ್ಕೆ ಬೇರೆಯೇ ಲೇಬಲ್! ಅಂದರೆ ಡ್ರೂ ಸ್ವತಃ ತೋಳು ಚಾಚಿದ್ದರೂ ಅದೇ ಗತಿ. ಆ ಹೊತ್ತಿಗೆ ಅವರು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಮರಳಿ ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದರು. ಈ ವಿಂಗಡಣೆಗೆ ವಿಜ್ಞಾನದ ಆಧಾರವೇ ಇಲ್ಲವೆಂದು ಬಹಿರಂಗವಾಗಿಯೇ ಹೇಳಿದರು. ರೆಡ್‌ಕ್ರಾಸ್ ಆ ಪದ್ಧತಿ ಕೈಬಿಟ್ಟದ್ದು 1950ರಲ್ಲಿ.

ಅಮೆರಿಕದವರನ್ನೇ ಬೈದು ಸುಮ್ಮನಾಗುವ ಹಾಗೂ ಇಲ್ಲ. “ಸಾರ್, ಇದು ಯಾವ ಪೈಕಿಯವರ ರಕ್ತ?” ಎಂದು ನನ್ನನ್ನೂ ಪಕ್ಕಕ್ಕೆ ಕರೆದು ಕೇಳಿದವರಿದ್ದಾರೆ. ಗುಂಪು ನೋಡಿ, ತಾರೀಖು ನೋಡಿ, ಇಲ್ಲಿ ಸಹಿ ಹಾಕಿ ಎನ್ನುತ್ತಿದ್ದೆ.